ಸ್ಮಾರ್ಟ್ ಫೋನಿನಲ್ಲಿ ಸ್ಥಳವನ್ನು ತೆರವು ಮಾಡಿಕೊಳ್ಳುವ ಕ್ರಮ

ವ್ಯವಸಾಯಗಾರರಿಗೆ ನೇಗಿಲು, ಕುಂಟೆ, ಕೂರಿಗೆಗಳು ಹೇಗೋ ಹಾಗೆಯೇ ಸ್ಮಾರ್ಟ್ ಫೋನೆಂಬುದೂ ಈಚಿನ ಕೆಲವು ವರ್ಷಗಳಿಂದ ಅವಶ್ಯವಾದ ಒಂದು ಉಪಕರಣವಾಗಿ ಪರಿಣಮಿಸಿರುವುದು ಎಲ್ಲರಿಗೂ ತಿಳಿದ ವಿಷಯವಾಗಿದೆ. ೨೦೨೦ನೆಯ ಇಸವಿಯ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ರೈತರು ತಮ್ಮ ಬೆಳೆಯ ಸಮೀಕ್ಷೆಯನ್ನು ತಾವೇ ಹೊಲದಲ್ಲಿ ನಿಂತು, ಫೋಟೋ ತೆಗೆದು, ದಾಖಲು ಮಾಡುವ ಏರ್ಪಾಡು ಜಾರಿಗೆ ಬಂದಿದೆ. ಬೆಂಬಲ ಬೆಲೆಯ ಖರೀದಿ, ಬೆಳೆ ವಿಮೆ, ಬೆಳೆ ನಷ್ಟದ ಪರಿಹಾರ ಮುಂತಾದವುಗಳಿಗೆ ಈ ದಾಖಲೆಯೇ ಆಧಾರವಾಗಿರುತ್ತದೆ. ವಿಮೆ ಮಾಡಿಸಿದ ಬೆಳೆಯು ಆಲಿಕಲ್ಲು, ನೆರೆ ಮೊದಲಾದ ಸ್ಥಳೀಯ ವಿಪತ್ತುಗಳಿಂದ ಹಾಳಾದಲ್ಲಿ ೭೨ ಗಂಟೆಗಳೊಳಗಾಗಿ ತಿಳಿಸತಕ್ಕದ್ದೆಂಬ ನಿಯಮವೂ ಇದೆ. ಇಂಥ ಸಮಯದಲ್ಲಿ ಬದುವಿನ ಮೇಲೆ ನಿಂತು ಫೋನನ್ನು ಎತ್ತಿ ಹಿಡಿದಾಗ, ಅದು ‘ಸ್ಥಳ ಸಾಲದು’ ಎಂದು ಹೇಳಿ ಫೋಟೋ ತೆಗೆಯಲು ನಿರಾಕರಿಸಿದರೆ ಯಜಮಾನನ ಗತಿಯೇನು?

ಈ ತೊಂದರೆಯು ಪ್ರತಿ ಗ್ರಾಮದಲ್ಲಿಯೂ ಕಂಡುಬರುತ್ತಿದೆ. ಆದರೆ ಸ್ಥಳವಿಲ್ಲದಿರುವುದಕ್ಕಿಂತ ಹೆಚ್ಚಿನ ಅನಾಹುತವು, ಸ್ಥಳ ಮಾಡಿಕೊಳ್ಳುವ ಆತುರದಲ್ಲಿ ಅಳಿಸಬಾರದ್ದನ್ನು ಅಳಿಸುವುದರಿಂದ ಉಂಟಾಗುತ್ತಿದೆ ಎಂಬುದೇ ನಾನು ಇಲ್ಲಿ ಮುಖ್ಯವಾಗಿ ತಿಳಿಸಬೇಕೆಂದಿರುವ ಸಂಗತಿ.

ಹಿಂದಿನ ಒಂದು ಮುಂಗಾರಿನಲ್ಲಿ ನಾನು ಸಂಚಾರ ಹೋಗಿದ್ದಾಗ ನೋಡಿದ ಒಂದು ವಿಷಯವನ್ನು ಹೇಳುವುದು ಅಪ್ರಸ್ತುತವಾಗಲಾರದು. ಫೋನಿನ ಸಂಪರ್ಕ ಸರಿಯಾಗಿ ಸಿಕ್ಕದ ಒಂದು ಗ್ರಾಮ. ಅಲ್ಲಿನ ಹಿರಿಯ ಜಮೀನುದಾರರೊಬ್ಬರು ತಮ್ಮ ಕಡಲೆಕಾಯಿ ಹೊಲಗಳ ಸಮೀಕ್ಷೆಯನ್ನಲ್ಲದೆ, ಫೋನಿಲ್ಲದ ನೆರೆಯವರ ಹೊಲಗಳದ್ದನ್ನೂ ತಮ್ಮ ಫೋನಿನಲ್ಲಿಯೇ ಮಾಡಿ, ಹೋಬಳಿಯ ಊರಿಗೆ ಹೋದಾಗ ಅಪ್‌ಲೋಡ್ ಮಾಡಿದರಾಯಿತೆಂದು ಇಟ್ಟುಕೊಂಡಿದ್ದರು. ಅಷ್ಟರಲ್ಲಿ ಫೋನು ತುಂಬಿತು. ಮನೆಗೆ ಬಂದಿದ್ದ ನೆಂಟರ ಹುಡುಗನು ಸದುದ್ದೇಶದಿಂದಲೇ ಫೋನನ್ನು ಕೈಗೆ ತೆಗೆದುಕೊಂಡು, ಯಾವ ಆ್ಯಪ್ ಹೆಚ್ಚು ಸ್ಥಳವನ್ನು ಹಿಡಿದಿದೆಯೆಂದು ನೋಡಿ, ಸಮೀಕ್ಷೆಯ ಆ್ಯಪಿನ ಸಂಗ್ರಹವನ್ನು ಪೂರ್ತಿಯಾಗಿ ತೆರವು ಮಾಡಿಬಿಟ್ಟನು. ಫೋಟೋಗಳೆಲ್ಲವೂ ಹೋದವು. ಇದು ಗೊತ್ತಾಗುವ ವೇಳೆಗೆ ಅರ್ಧದಷ್ಟು ಹೊಲಗಳಲ್ಲಿ ಕಾಯಿ ಕಿತ್ತು ಆಗಿತ್ತು. ಕಿತ್ತ ಹೊಲದ ಬರಿಯ ಮಣ್ಣಿನ ಫೋಟೋದಿಂದ ಪ್ರಯೋಜನವೇನು? “ನನ್ನದು ಹೋದರೆ ಹೋಗಲಿ ಸ್ವಾಮಿ, ಆ ಮುದುಕಮ್ಮನ ಎರಡು ಎಕರೆಗೆ ನಾನೇನು ಉತ್ತರ ಹೇಳಲಿ?” ಎಂದು ಅವರು ನನ್ನನ್ನು ಕೇಳಿದರು. ಅವರ ಫೋನನ್ನು ನಾನು ತೆರೆದು ನೋಡಲಾಗಿ, ಸೂರ್ಯೋದಯ, ಗುಲಾಬಿ, ಕಾಫಿ ಲೋಟಗಳ ಚಿತ್ರಗಳಿಂದ ಕೂಡಿದ ‘ಶುಭೋದಯ’ದ ಸಂದೇಶಗಳು ನೂರಾರು ಸಂಖ್ಯೆಯಲ್ಲಿ ಹಾಗೆಯೇ ಸುಖವಾಗಿ ಕುಳಿತಿದ್ದವು.

ಫೋನಿನ ಸಂಗ್ರಹವೆಂಬುದು ಒಂದು ಕಣಜವಿದ್ದಂತೆ. ಅದರ ಅಳತೆಯನ್ನು ಜಿ.ಬಿ. ಎಂಬ ಮಾನದಿಂದ ಹೇಳುತ್ತಾರೆ. ಸುಮಾರು ಒಂದು ಸಾವಿರ ಎಂ.ಬಿ.ಗಳಿಗೆ ಒಂದು ಜಿ.ಬಿ. ಆಗುತ್ತದೆ. ೬೪ ಜಿ.ಬಿ.ಯ ಫೋನೆಂದು ಹೇಳಿ ಕೊಂಡರೂ ಅಷ್ಟೂ ನಮ್ಮ ಉಪಯೋಗಕ್ಕೆ ದೊರೆಯುವುದಿಲ್ಲ. ಫೋನನ್ನು ನಡೆಸುವ ಮೂಲ ತಂತ್ರಾಂಶವೇ ಹದಿನೈದು ಇಪ್ಪತ್ತು ಜಿ.ಬಿ.ಗಳನ್ನು ಆಕ್ರಮಿಸುವುದುಂಟು. ಅಂಗಡಿಯವರು ‘ರ‍್ಯಾಮ್’ ಎಂದು ಹೇಳುವ ೪ ಅಥವಾ ೬ ಜಿ.ಬಿ.ಯ ಲೆಕ್ಕವೇ ಬೇರೆ. ಅದು ಕೆಲಸ ನಡೆಯುವ ಕಣವೇ ಹೊರತು ಕೂಡಿಡುವ ಕಣಜವಲ್ಲ. ಸಾಧಾರಣವಾದ ಒಂದು ಫೋಟೋ ೩ರಿಂದ ೫ ಎಂ.ಬಿ.ಗಳಷ್ಟಿರುತ್ತದೆ. ವಿಡಿಯೋ ಆದರೋ ಒಂದು ನಿಮಿಷಕ್ಕೆ ಸುಮಾರು ೧೦೦ ಎಂ.ಬಿ.ಗಳನ್ನು ನುಂಗುತ್ತದೆ, ‘೪ಕೆ’ ಎಂಬ ಉತ್ತಮ ದರ್ಜೆಯಲ್ಲಿ ತೆಗೆದರೆ ಇದಕ್ಕೂ ಬಹಳ ಹೆಚ್ಚು. ಮದುವೆಯ ಮನೆಯಲ್ಲಿ ತೆಗೆದ ಹತ್ತು ನಿಮಿಷದ ವಿಡಿಯೋ ಒಂದನ್ನು ತೆಗೆದುಹಾಕಿದರೆ ಇನ್ನೂರು ಮುನ್ನೂರು ಫೋಟೋಗಳಿಗೆ ಸ್ಥಳವಾಗುವುದೆಂದು ಇದರಿಂದ ತಿಳಿಯುತ್ತದೆ. ಆದಕಾರಣ ಒಂದೊಂದಾಗಿ ಫೋಟೋಗಳನ್ನು ಅಳಿಸುತ್ತ ಕುಳಿತು ಕಾಲಹರಣ ಮಾಡುವುದಕ್ಕಿಂತ ದೊಡ್ಡ ಕಡತಗಳನ್ನು ಮೊದಲು ಹುಡುಕುವುದು ಲೇಸು.

ಕಣಜ ತುಂಬಿತೆಂದು ಯಾವ ಯಜಮಾನನೂ ಕತ್ತಲೆಯಲ್ಲಿ ಕೈಗೆ ಸಿಕ್ಕಿದ ಮೂಟೆಯನ್ನು ಹೊರಗೆ ಎಸೆಯುವುದಿಲ್ಲ. ಬಿತ್ತನೆಯ ಬೀಜ ಯಾವುದು, ಊಟದ ಧಾನ್ಯ ಯಾವುದು, ಹೊಟ್ಟು ಯಾವುದು ಎಂದು ನೋಡಿಯೇ ಮುಟ್ಟುತ್ತಾನೆ. ಫೋನಿನಲ್ಲಿಯೂ ಈ ವಿಂಗಡಣೆ ಅಗತ್ಯ. ಮತ್ತೆ ಬೇರೆ ಕಡೆ ದೊರೆಯಲಾರದ್ದು ಬಿತ್ತನೆಯ ಬೀಜಕ್ಕೆ ಸಮಾನ: ಅಪ್‌ಲೋಡ್ ಆಗದ ಸಮೀಕ್ಷೆ, ಹಾಳಾದ ಬೆಳೆಯ ಫೋಟೋ, ಗುತ್ತಿಗೆಯ ಕರಾರು, ಗೊಬ್ಬರ ಬೀಜಗಳ ರಸೀದಿ, ಕಾಲವಾದ ಹಿರಿಯರ ಭಾವಚಿತ್ರ. ಪಹಣಿಯ ಪ್ರತಿಯಾದರೋ ‘ಭೂಮಿ’ಯಿಂದ ಯಾವಾಗ ಬೇಕಾದರೂ ದೊರೆಯುತ್ತದೆ, ಗುರುತಿನ ಪತ್ರಗಳು ಡಿಜಿಲಾಕರಿನಲ್ಲಿ ಇರುತ್ತವೆ, ಹಾಡು, ಸಿನಿಮಾ, ಆ್ಯಪುಗಳು ಮತ್ತೆ ಇಳಿಸಿಕೊಳ್ಳಲು ಬರುತ್ತವೆ. ಉಳಿದ ಬಹುಭಾಗವು ಹೊಟ್ಟು.

ಹೊಟ್ಟು ಹೆಚ್ಚಾಗಿ ಬಂದು ಬೀಳುವುದು ವಾಟ್ಸಾಪಿನ ಮೂಲಕ. ಗ್ರಾಮದ ಮುಖಂಡರಾದವರು ಹಾಲಿನ ಸಂಘ, ದೇವಸ್ಥಾನದ ಸಮಿತಿ, ಪಂಚಾಯಿತಿ, ಜಾತಿ ಬಾಂಧವರು, ಪಕ್ಷದವರು ಎಂದು ಹತ್ತಾರು ಗುಂಪುಗಳಲ್ಲಿರುವುದು ಅನಿವಾರ್ಯ. ಒಂದೇ ವಿಡಿಯೋ ನಾಲ್ಕು ಗುಂಪುಗಳಿಂದ ಬರುತ್ತದೆ. ತಾವು ಕಳುಹಿಸಿದ ಚಿತ್ರದ್ದೂ ಮತ್ತೊಂದು ಪ್ರತಿಯು ‘ಸೆಂಟ್’ ಎಂಬ ಒಳಮನೆಯಲ್ಲಿ ಉಳಿಯುತ್ತದೆ. ಇದನ್ನು ತೆರವು ಮಾಡುವ ದಾರಿ ಸುಲಭ. ವಾಟ್ಸಾಪಿನ ಸೆಟ್ಟಿಂಗ್‌ಗಳನ್ನು ತೆರೆದು, ಸಂಗ್ರಹಣೆ ಮತ್ತು ಡೇಟಾ ಎಂಬಲ್ಲಿಗೆ ಹೋಗಿ, ಸಂಗ್ರಹಣೆಯನ್ನು ನಿರ್ವಹಿಸುವ ಭಾಗವನ್ನು ಒತ್ತಿದರೆ, ಅನೇಕ ಬಾರಿ ಮುಂದಕ್ಕೆ ಕಳುಹಿಸಲ್ಪಟ್ಟವುಗಳೂ ೫ ಎಂ.ಬಿ.ಗಿಂತ ದೊಡ್ಡವೂ ಬೇರೆಬೇರೆಯಾಗಿ ಕಾಣಿಸುತ್ತವೆ. ಅದರ ಕೆಳಗೆ ಯಾವ ಗುಂಪು ಎಷ್ಟು ಸ್ಥಳವನ್ನು ಹಿಡಿದಿದೆ ಎಂಬ ಪಟ್ಟಿಯೂ ಇರುತ್ತದೆ. ಈ ಪಟ್ಟಿಯಲ್ಲಿ ಯಾರ ಗುಂಪು ಮೊದಲನೆಯದಾಗಿದೆ ಎಂಬುದನ್ನು ನೋಡಿ ಅನೇಕರು ನಕ್ಕದ್ದುಂಟು. ಮುಖ್ಯವಾದ ಸಂದೇಶಗಳಿಗೆ ಮೊದಲೇ ನಕ್ಷತ್ರದ ಗುರುತು ಹಾಕಿಟ್ಟರೆ, ಮಾತುಕತೆಯನ್ನು ತೆರವು ಮಾಡುವಾಗ ಅವುಗಳನ್ನು ಉಳಿಸಿಕೊಳ್ಳಬಹುದು. ಇಲ್ಲಿ ಅಳಿಸಿದ್ದು ಮತ್ತೆ ಬೇಕಾದರೆ ಕಳುಹಿಸಿದವರನ್ನೇ ಕೇಳಬೇಕಾಗುತ್ತದೆ ಎಂಬುದು ನೆನಪಿರಲಿ.

ಕಳೆಯನ್ನು ಕಿತ್ತ ಮೇಲೆ ಮತ್ತೆ ಬೆಳೆಯದಂತೆ ನೋಡಿಕೊಳ್ಳುವುದೂ ಬೇಕಷ್ಟೆ. ಅದೇ ಸಂಗ್ರಹಣೆ ಮತ್ತು ಡೇಟಾ ಎಂಬಲ್ಲಿ ಚಿತ್ರ, ಧ್ವನಿ, ವಿಡಿಯೋಗಳು ತಾವಾಗಿಯೇ ಇಳಿಯುವುದನ್ನು ನಿಲ್ಲಿಸುವ ಅನುಕೂಲವಿದೆ. ಆಮೇಲೆ ಬೇಕಾದ್ದನ್ನು ಮಾತ್ರ ಒತ್ತಿ ಇಳಿಸಿಕೊಳ್ಳಬಹುದು. ಇದೊಂದನ್ನು ಮಾಡಿಟ್ಟರೆ ಮುಂದಿನ ತಿಂಗಳು ಈ ಲೇಖನವನ್ನು ಮತ್ತೆ ಓದುವ ಅವಶ್ಯಕತೆ ಅನೇಕರಿಗೆ ಬೀಳಲಾರದು.

ಎರಡನೆಯದಾಗಿ ‘ಡೌನ್‌ಲೋಡ್’ ಎಂಬ ಕಡತಕೋಶವನ್ನು ನೋಡಬೇಕು. ಒಂದೇ ಪಹಣಿಯನ್ನು ಐದು ಸಲ ಇಳಿಸಿಕೊಂಡಿರುವವರು ಬಹಳ ಮಂದಿ. ಹೆಸರಿನ ಕೊನೆಯಲ್ಲಿ ‘ಎ.ಪಿ.ಕೆ.’ ಎಂದಿರುವ ಕಡತಗಳು ಯಾರೋ ವಾಟ್ಸಾಪಿನಲ್ಲಿ ಕಳುಹಿಸಿದವುಗಳಾಗಿದ್ದರೆ, ಅವುಗಳನ್ನು ತೆರೆಯದೆಯೇ ಅಳಿಸತಕ್ಕದ್ದು, ಪಿ.ಎಂ. ಕಿಸಾನ್ ಯೋಜನೆಯ ಹೆಸರನ್ನು ಹಾಕಿಕೊಂಡು ಬ್ಯಾಂಕಿನ ಹಣವನ್ನು ದೋಚುವ ಮೋಸದ ಆ್ಯಪುಗಳು ಈ ದಾರಿಯಲ್ಲಿಯೇ ಬಂದಿವೆ. ಫೋನನ್ನು ಶುದ್ಧಿ ಮಾಡಿಕೊಡುವುದಾಗಿ ಜಾಹೀರಾತು ಕೊಡುವ ಅಪರಿಚಿತ ಆ್ಯಪುಗಳೂ ಬೇಡ. ಗೂಗಲ್ ಸಂಸ್ಥೆಯವರು ೨೦೧೭ನೆಯ ಇಸವಿಯಲ್ಲಿ ಹೊರತಂದ ‘ಫೈಲ್ಸ್’ ಎಂಬ ಆ್ಯಪ್ ಈ ಕೆಲಸಕ್ಕೆ ಸಾಕು. ಅನೇಕ ಫೋನುಗಳಲ್ಲಿ ಅದು ಮೊದಲೇ ಇರುತ್ತದೆ. ದೊಡ್ಡ ಕಡತ, ಒಂದೇ ಕಡತದ ಎರಡು ಪ್ರತಿ, ಬಹಳ ದಿನ ಉಪಯೋಗಿಸದ ಆ್ಯಪ್ ಇವುಗಳನ್ನು ಅದೇ ಆರಿಸಿ ತೋರಿಸುತ್ತದೆ. ಅದು ತೋರಿಸಿದ್ದೆಲ್ಲವೂ ಹೊಟ್ಟೆಂದು ಮಾತ್ರ ಭಾವಿಸಕೂಡದು. ಕಡತದ ಮಹತ್ವವನ್ನು ಯಂತ್ರವು ತಿಳಿಯಲಾರದು.

ಆ್ಯಪುಗಳ ವಿಷಯದಲ್ಲಿ ಹಿರಿಯರಿಗೆ ಒಂದು ಭಯವಿದೆ. ಹಣ ಪಾವತಿಯ ಆ್ಯಪನ್ನು ತೆಗೆದರೆ ಬ್ಯಾಂಕಿನಲ್ಲಿರುವ ಹಣವೂ ಹೋದೀತೆಂದು ಹಲವರು ನನ್ನನ್ನು ಕೇಳಿದ್ದಾರೆ. ಹಾಗೇನೂ ಆಗುವುದಿಲ್ಲ. ಹಣವು ಬ್ಯಾಂಕಿನಲ್ಲಿಯೇ ಇರುತ್ತದೆ. ಆ್ಯಪನ್ನು ಮತ್ತೆ ಹಾಕಿಕೊಂಡು ಅದೇ ನಂಬರಿನಿಂದ ನೋಂದಾಯಿಸಿದರೆ ಸಾಕು. ಬೆಳೆ ಸಮೀಕ್ಷೆಯ ಆ್ಯಪುಗಳು ಋತುವಿನ ಮತ್ತು ವರ್ಷದ ಹೆಸರಿನಲ್ಲಿ ಬೇರೆಬೇರೆಯಾಗಿ ಬಿಡುಗಡೆಯಾಗಿರುವುದರಿಂದ ಹಿಂದಿನ ವರ್ಷಗಳವು ಫೋನಿನಲ್ಲಿ ಹಾಗೆಯೇ ಉಳಿದಿರುವುದುಂಟು. ಮುಗಿದ ಋತುವಿನವನ್ನು ತೆಗೆಯಬಹುದು. ನಡೆಯುತ್ತಿರುವ ಋತುವಿನದನ್ನು ಮುಟ್ಟಕೂಡದು.

ಮೇಲೆ ಹೇಳಿದ ಜಮೀನುದಾರರಿಗೆ ನಷ್ಟವುಂಟಾದ ಕಾರಣವನ್ನು ಇಲ್ಲಿ ವಿವರಿಸಬೇಕು. ಫೋನಿನ ಸೆಟ್ಟಿಂಗ್‌ಗಳಲ್ಲಿ ಯಾವುದೇ ಆ್ಯಪಿನ ಸಂಗ್ರಹವನ್ನು ತೆರೆದರೆ ಎರಡು ಗುಂಡಿಗಳು ಪಕ್ಕಪಕ್ಕದಲ್ಲಿ ಕಾಣುತ್ತವೆ. ಒಂದು ‘ಕ್ಯಾಶ್’ ಎಂಬುದನ್ನು ತೆರವು ಮಾಡತಕ್ಕದ್ದು. ಕ್ಯಾಶ್ ಎಂದರೆ ಇಲ್ಲಿ ರೊಕ್ಕವಲ್ಲ. ಆ್ಯಪು ತನ್ನ ಕೆಲಸ ಬೇಗ ನಡೆಯಲೆಂದು ಹತ್ತಿರದಲ್ಲಿ ಹರಡಿಕೊಂಡಿರುವ ತಾತ್ಕಾಲಿಕ ಸಾಮಗ್ರಿ. ಅದನ್ನು ಅಳಿಸಿದರೆ ಸಾಧಾರಣವಾಗಿ ನಷ್ಟವಿಲ್ಲ. ಸ್ವಲ್ಪ ದಿನಗಳಲ್ಲಿ ಅದು ಮತ್ತೆ ತುಂಬಿಕೊಳ್ಳುತ್ತದೆ. ಇನ್ನೊಂದು ಗುಂಡಿಯು ‘ಡೇಟಾ’ ಅಥವಾ ‘ಸಂಗ್ರಹಣೆ’ಯನ್ನು ತೆರವು ಮಾಡತಕ್ಕದ್ದು. ಅದು ಮನೆಯ ಕಸ ಗುಡಿಸಿದಂತಲ್ಲ, ಮನೆಯನ್ನೇ ಬರಿದು ಮಾಡಿದಂತೆ. ಆ್ಯಪಿನೊಳಗೆ ನಾವು ತುಂಬಿದ ವಿವರ, ತೆಗೆದ ಫೋಟೋ, ಒಳಗೆ ಹೋಗಲು ಕೊಟ್ಟ ಗುರುತು ಎಲ್ಲವೂ ಹೋಗಿ, ಆ ಆ್ಯಪು ಮೊದಲ ದಿನ ಹಾಕಿಕೊಂಡಾಗ ಇದ್ದ ಸ್ಥಿತಿಗೆ ಬರುತ್ತದೆ. ಸಮೀಕ್ಷೆಯ ಫೋಟೋಗಳು ಆ್ಯಪಿನ ಒಳಗೇ ಇರುವುದರಿಂದ ಅವು ಕಸದ ಬುಟ್ಟಿಗೂ ಹೋಗುವುದಿಲ್ಲ, ಮರಳಿ ಬರುವುದೂ ಇಲ್ಲ. ಆ್ಯಪನ್ನು ಪೂರ್ತಿಯಾಗಿ ತೆಗೆದುಹಾಕಿ ಮತ್ತೆ ಹಾಕಿದರೂ ಫಲ ಒಂದೇ.

ಫೋಟೋಗಳನ್ನು ಗೂಗಲ್ ಫೋಟೋಸಿನಲ್ಲಿ ಇಡುವ ರೂಢಿ ಹೆಚ್ಚುತ್ತಿದೆ. ಇದು ಒಳ್ಳೆಯದೇ. ಫೋನು ಬಾವಿಗೆ ಬಿದ್ದರೂ ಫೋಟೋ ಉಳಿಯುತ್ತದೆ. ಆದರೆ ೨೦೨೧ನೆಯ ಜೂನ್ ೧ನೆಯ ತಾರೀಖಿನಿಂದ ಅಲ್ಲಿಗೆ ಸೇರಿಸುವ ಫೋಟೋಗಳೆಲ್ಲವೂ ಉಚಿತವಾದ ೧೫ ಜಿ.ಬಿ.ಯ ಲೆಕ್ಕಕ್ಕೆ ಸೇರುತ್ತವೆ. ಈಮೇಲು, ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಇವೂ ಅದರಲ್ಲಿಯೇ ಪಾಲು ಪಡೆಯುತ್ತವೆ. ಆ ಹದಿನೈದು ತುಂಬಿದ ಮೇಲೆ ಹೊಸ ಫೋಟೋಗಳು ಅಲ್ಲಿಗೆ ಹೋಗುವುದೇ ಇಲ್ಲ. ನಾವು ಮಾತ್ರ ಹೋಗಿವೆಯೆಂದು ನಂಬಿಕೊಂಡಿರುತ್ತೇವೆ. ಇನ್ನೊಂದು ಅಪಾಯವು ಇದಕ್ಕಿಂತ ದೊಡ್ಡದು. ಮೇಲೆ ಸುರಕ್ಷಿತವಾಗಿದೆಯಲ್ಲಾ ಎಂದು ಗೂಗಲ್ ಫೋಟೋಸಿನಲ್ಲಿಯೇ ಒಂದು ಚಿತ್ರವನ್ನು ಅಳಿಸಿದರೆ, ಫೋನಿನಿಂದಲೂ ಮೇಲಿನ ಉಗ್ರಾಣದಿಂದಲೂ ಎರಡೂ ಕಡೆ ಅಳಿದುಹೋಗುತ್ತದೆ. ಫೋನಿನ ಪ್ರತಿಯನ್ನು ಮಾತ್ರ ತೆಗೆಯಬೇಕಾದರೆ ಅದರಲ್ಲಿಯೇ ಸ್ಥಳ ತೆರವು ಮಾಡುವ ಪ್ರತ್ಯೇಕ ಗುಂಡಿಯಿದೆ. ಮೇಲೆ ಸೇರಿರುವವನ್ನಷ್ಟೇ ಆರಿಸಿ ಅದು ಫೋನಿನಿಂದ ತೆಗೆಯುತ್ತದೆ. ಅಕಸ್ಮಾತ್ತಾಗಿ ಅಳಿಸಿದವರು ಗಾಬರಿಯಾಗದೆ ಬುಟ್ಟಿಯನ್ನು ನೋಡಬೇಕು. ಮೇಲೆ ಸೇರಿದ್ದ ಚಿತ್ರಗಳು ೬೦ ದಿನಗಳವರೆಗೂ, ಸೇರದಿದ್ದವು ೩೦ ದಿನಗಳವರೆಗೂ ಅಲ್ಲಿರುತ್ತವೆ. ಬುಟ್ಟಿಯಲ್ಲಿರುವವರೆಗೆ ಫೋನಿನ ಸ್ಥಳ ತೆರವಾಗುವುದಿಲ್ಲವೆಂಬುದೂ ನಿಜ. ಬುಟ್ಟಿಯನ್ನು ಬರಿದು ಮಾಡುವ ಮೊದಲು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ಕಣ್ಣಾಡಿಸಬೇಕು.

ಮೆಮೊರಿ ಕಾರ್ಡು ಹಾಕಲು ಅನುಕೂಲವಿರುವ ಫೋನುಗಳಲ್ಲಿ ವಿಡಿಯೋ, ಫೋಟೋಗಳನ್ನು ಅದಕ್ಕೆ ಸಾಗಿಸಬಹುದು. ಸಂತೆಯಲ್ಲಿ ಅಗ್ಗವಾಗಿ ದೊರೆಯುವ ಕಾರ್ಡುಗಳಲ್ಲಿ ಅಳತೆ ಸುಳ್ಳಾಗಿರುವುದುಂಟು. ರಸೀದಿ ಕೊಡುವ ಅಂಗಡಿಯಲ್ಲಿಯೇ ಕೊಳ್ಳಬೇಕು. ಕಾರ್ಡು ಕೆಡುವ ವಸ್ತುವಾದ್ದರಿಂದ ಬಿತ್ತನೆಯ ಬೀಜಕ್ಕೆ ಸಮಾನವಾದವುಗಳ ಒಂದೇ ಪ್ರತಿಯನ್ನು ಅದರಲ್ಲಿ ಇಡಕೂಡದು. ಕಂಪ್ಯೂಟರು ಇರುವ ಮನೆಗಳಲ್ಲಿ ವರ್ಷಕ್ಕೆರಡು ಸಲ ಅದಕ್ಕೂ ಒಂದು ಪ್ರತಿ ತೆಗೆದಿಡುವುದು ಉತ್ತಮ.

ಈ ಕೆಲಸಕ್ಕೆ ಕಾಲವೂ ಮುಖ್ಯ. ಮುಂಗಾರು, ಹಿಂಗಾರು, ಬೇಸಿಗೆ ಈ ಮೂರು ಸಮೀಕ್ಷೆಗಳೂ ಪ್ರಾರಂಭವಾಗುವ ಮೊದಲು, ಬಿಡುವಾಗಿರುವ ಒಂದು ದಿನ ಕುಳಿತು ತೆರವು ಮಾಡಿ, ಫೋನಿನ ಅಳತೆಯಲ್ಲಿ ಹತ್ತನೆಯ ಒಂದು ಭಾಗವನ್ನಾದರೂ ಖಾಲಿ ಇಟ್ಟುಕೊಳ್ಳಬೇಕು. ಪೂರಾ ತುಂಬಿದ ಫೋನು ನಿಧಾನವಾಗುವುದಲ್ಲದೆ ಹೊಸ ತಂತ್ರಾಂಶವನ್ನೂ ಸ್ವೀಕರಿಸುವುದಿಲ್ಲ. ಸಮೀಕ್ಷೆಯ ಫೋಟೋಗಳನ್ನು ತೆಗೆದ ದಿನವೇ, ಸಂಪರ್ಕ ಸಿಕ್ಕುವ ಗುಡ್ಡಕ್ಕೋ ಪಕ್ಕದ ಊರಿಗೋ ಹೋಗಿ ಅಪ್‌ಲೋಡ್ ಮಾಡುವುದು ಒಳ್ಳೆಯದು. ‘ಬೆಳೆ ದರ್ಶಕ’ ಆ್ಯಪಿನಲ್ಲಿ ತಮ್ಮ ಸರ್ವೆ ನಂಬರಿನ ಬೆಳೆಯ ವಿವರ ಕಾಣಿಸುವವರೆಗೆ ಸಮೀಕ್ಷೆಯ ಆ್ಯಪಿನ ಮೇಲೆ ಯಾವ ಹುಡುಗರೂ ಕೈ ಇಡದಂತೆ ಮನೆಯಲ್ಲಿ ಹೇಳಿಡಬೇಕು.

ಇಷ್ಟಾದರೂ ಫೋನು ನಡೆಯದಿದ್ದರೆ, ಅದನ್ನು ಸರಿಪಡಿಸುವುದಕ್ಕಾಗಿ ದಿನಗಳನ್ನು ಕಳೆಯುತ್ತ ಬೆಳೆ ಕಟಾವಾಗುವವರೆಗೆ ಕಾಯುವುದು ಬೇಡ. ಗ್ರಾಮಕ್ಕೆ ನೇಮಕವಾಗಿರುವ ಸಮೀಕ್ಷೆಯ ಖಾಸಗಿ ನಿವಾಸಿಗೆ ತಿಳಿಸಿದರೆ ಆತನೇ ಹೊಲಕ್ಕೆ ಬಂದು ತನ್ನ ಫೋನಿನಲ್ಲಿ ದಾಖಲು ಮಾಡಿಕೊಳ್ಳುತ್ತಾನೆ. ಆತನು ಯಾರೆಂದು ತಿಳಿಯದವರು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಹೋಗುವಾಗ ಪಹಣಿಯ ಪ್ರತಿಯೊಂದನ್ನು ಕಾಗದದಲ್ಲಿಯೇ ತೆಗೆದುಕೊಂಡು ಹೋಗತಕ್ಕದ್ದು.