ರಾಗಿ ಹುಲ್ಲಲ್ಲಿ ಬೇಯುವ ಬಾಡು

ಊಟಕ್ಕೆ 25 ಜನ. ಕೊಯ್ಯೋದಕ್ಕೆ ಇರೋದು ಹಲ್ಲು ಸವೆದ ಮುದಿ ಕುರಿ. ಸೌದೆ ಕಮ್ಮಿ. ಅಡುಗೆಗೆ ಮನೆಯಲ್ಲಿ ಇಬ್ಬರೇ ಹೆಂಗಸರು. ಬಯಲುಸೀಮೆಯ ಯಾವ ಮನೆಗಾದರೂ ಬರುವ ಲೆಕ್ಕ ಇದು. ಇದಕ್ಕೆ ನಮ್ಮ ಮನೆಯಲ್ಲಿ ನಾಲ್ಕು ವರ್ಷದಿಂದ ಒಂದು ಪೆಟ್ಟಿಗೆ ಇಟ್ಟುಕೊಂಡಿದ್ದೇವೆ. ಅದರ ಖರ್ಚು ಹೆಚ್ಚುಕಮ್ಮಿ ಏನೂ ಇಲ್ಲ. ಕರೆಂಟು ಬೇಡ, ಗ್ಯಾಸು ಬೇಡ. ಒಳಗಿರೋದು ರಾಗಿ ಹುಲ್ಲು.

ನಮ್ಮ ಹಿರಿಯೂರು ಕಡೆ ಶೇಂಗಾ ಕೀಳುವಾಗ, ರಾಗಿ ಕೊಯ್ಯುವಾಗ ಮುಯ್ಯಾಳು ಕರೆಯೋದು ಇನ್ನೂ ಪೂರ್ತಿ ನಿಂತಿಲ್ಲ. ಇವತ್ತು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನನ್ನ ಹೊಲಕ್ಕೆ. ಕೂಲಿ ಲೆಕ್ಕ ಇಲ್ಲ. ಕೆಲಸ ಮುಗಿದ ದಿನ ಹೊಲದ ಯಜಮಾನ ಒಂದು ಬಾಡೂಟ ಹಾಕಬೇಕು, ಅಷ್ಟೇ. ಆದರೆ ಈಚೆಗೆ ಎಷ್ಟೋ ಮನೆಗಳು ಮುಯ್ಯಿ ಬಿಡ್ತಿರೋದು ಹೊಲದ ಕೆಲಸಕ್ಕೆ ಹೆದರಿ ಅಲ್ಲ, ಆ ಒಂದು ಊಟಕ್ಕೆ ಹೆದರಿ. ಹೆಂಗಸರು ಬೆಳಗಿನ ಜಾವ ಮೂರಕ್ಕೆ ಏಳಬೇಕು. ಬಳ್ಳಾರಿ ಜಾಲಿ ಸೌದೆಯ ಹೊಗೆ ಕುಡಿಯಬೇಕು. ಎಲ್ಲರೂ ಉಂಡು ಎದ್ದ ಮೇಲೆ ತಾವು ಕೂರೋ ಹೊತ್ತಿಗೆ ಹಸಿವೇ ಸತ್ತಿರುತ್ತದೆ. ನಮ್ಮನೆಯಾಕೆ ಒಂದು ಸಲ ನೇರವಾಗಿಯೇ ಹೇಳಿದಳು: "ಮುಯ್ಯಾಳು ಕರೀರಿ, ಬ್ಯಾಡ ಅನ್ನಲ್ಲ. ಆದ್ರೆ ರಾತ್ರಿಯೆಲ್ಲಾ ಒಲೆ ಮುಂದೆ ಕೂರಕ್ಕೆ ನನ್ನ ಕರೀಬೇಡಿ." ಆಕೆ ಹೇಳಿದ್ದರಲ್ಲಿ ಏನೂ ತಪ್ಪಿಲ್ಲ.

ಅದೇ ಸುಮಾರಿಗೆ ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗ ಊರಿಗೆ ಬಂದಿದ್ದ. ಅಲ್ಲಿ ಸ್ನೇಹಿತರು ಸೇರುವಾಗ ಹಂದಿಯ ಹೆಗಲಿನ ಮಾಂಸವನ್ನು ರಾತ್ರಿ ಒಂದು ಕರೆಂಟಿನ ಮಡಕೆಗೆ ಹಾಕಿ ಮಲಗಿಬಿಡ್ತಾರಂತೆ. ಎಂಟು ಹತ್ತು ಗಂಟೆ ಸಣ್ಣ ಕಾವಿನಲ್ಲಿ ಬೆಂದ ಮಾಂಸವನ್ನು ಬೆಳಗ್ಗೆ ಎರಡು ಫೋರ್ಕಿನಲ್ಲಿ ಎಳೆ ಎಳೆಯಾಗಿ ಬಿಡಿಸಿ, ಹುಳಿ-ಸಿಹಿ-ಖಾರದ ಗೊಜ್ಜು ಕಲಸಿ, ಬನ್ನಿನ ನಡುವೆ ಇಟ್ಟು ಕೊಡೋದು. ಬಂದವರು ಕೈಯಲ್ಲಿ ಹಿಡಿದು, ನಿಂತಲ್ಲೇ ಮಾತಾಡ್ತಾ ತಿಂತಾರೆ. ಬಡಿಸೋರು ಬೇಡ, ಪಂಕ್ತಿ ಬೇಡ. ಆ ಮಡಕೆಯ ಕತೆಯೂ ಚೆನ್ನಾಗಿದೆ. ಇರ್ವಿಂಗ್ ನ್ಯಾಕ್ಸನ್ ಎಂಬಾತ ಅದಕ್ಕೆ 1940ರಲ್ಲಿ ಪೇಟೆಂಟ್ ಪಡೆದ. ಮುಂದೆ 1971ರಿಂದ ಒಂದು ಕಂಪನಿ ಅದನ್ನೇ ಕ್ರಾಕ್‌ಪಾಟ್ ಅಂತ ಮಾರಿತು. ನ್ಯಾಕ್ಸನ್ ಮನೆಯವರು ಯೆಹೂದಿಗಳು, ಮೂಲ ಲಿಥುವೇನಿಯಾದವರು. ಆ ಜನ ಶನಿವಾರ ಒಲೆ ಹಚ್ಚೋದಿಲ್ಲ. ಅದಕ್ಕೆ ಶುಕ್ರವಾರ ಸಂಜೆ ಕಾಳು-ಮಾಂಸದ ಮಡಕೆಯನ್ನು ಊರಿನ ಬ್ರೆಡ್ ಭಟ್ಟಿಯಲ್ಲಿ ಇಟ್ಟು ಬರ್ತಿದ್ದರು. ಆರುತ್ತಿರುವ ಭಟ್ಟಿಯ ಉಳಿದ ಕಾವಿನಲ್ಲಿ ಅದು ರಾತ್ರಿಯಿಡೀ ಬೇಯುತ್ತಿತ್ತು. ಮನೆಯಲ್ಲಿ ಕೇಳಿದ ಆ ಅಡುಗೆಯ ಮಾತೇ ಆತನ ತಲೆಗೆ ಹೊಳೆದದ್ದು.

ಹುಡುಗ ನನಗೂ ಒಂದು ಮಡಕೆ ಕಳಿಸ್ತೀನಿ ಅಂದ. ನಮ್ಮೂರ ಕರೆಂಟು ನಂಬಿ ರಾತ್ರಿ ಮಾಂಸ ಇಟ್ಟು ಮಲಗೋದುಂಟೆ? ಬೇಡ ಅಂದೆ. ಆದರೆ ಅವನ ಮಾತಿನಲ್ಲಿದ್ದ ಒಂದು ವಿಷಯ ಬಿಡಲಿಲ್ಲ. ಬೇಕಾದದ್ದು ದೊಡ್ಡ ಉರಿಯಲ್ಲ, ಬಿಡದ ಕಾವು.

ಮುದಿ ಕುರಿ ಯಾಕೆ ಬೇಯೋದಿಲ್ಲ

ಕುರಿ ಹೆಚ್ಚು ನಡೆದಷ್ಟೂ ಅದರ ಹೆಗಲು, ಕತ್ತು, ಮೊಣಕಾಲಿನ ಮಾಂಸದಲ್ಲಿ ನರ-ನಾರು ಬಲಿಯುತ್ತದೆ. ನಮ್ಮ ಬಯಲುಸೀಮೆ ಕುರಿ ದಿನಾ ಎಷ್ಟು ಮೈಲಿ ನಡೆಯುತ್ತೆ ನಿಮಗೇ ಗೊತ್ತು. ಓದಿದವರು ಈ ನಾರನ್ನು ಕೊಲಾಜೆನ್ ಅಂತಾರೆ. 70-80 ಡಿಗ್ರಿ ಮೇಲಿನ ಕಾವಿನಲ್ಲಿ ಗಂಟೆಗಟ್ಟಲೆ ಇದ್ದರೆ ಅದು ನಿಧಾನಕ್ಕೆ ಕರಗಿ ಅಂಟಾಗುತ್ತದೆ. ಕಾಲು ಸೂಪು ಆರಿದ ಮೇಲೆ ತಟ್ಟೆಯಲ್ಲಿ ಗಟ್ಟಿಯಾಗಿ ಅಲುಗಾಡುತ್ತಲ್ಲ, ಅದೇ ಅಂಟು. ಕರಗೋದಕ್ಕೆ ಹೊತ್ತು ಬೇಕು. ಕೊತಕೊತ ಕುದಿಸಿ ಅವಸರ ಮಾಡಿದರೆ ಮಾಂಸದ ಎಳೆಗಳು ಬಿಗಿದು ನೀರು ಹಿಂಡಿಬಿಡುತ್ತವೆ, ನಾರು ಮಾತ್ರ ಹಾಗೇ ಉಳಿಯುತ್ತದೆ. ಅಗಿದಷ್ಟೂ ರಬ್ಬರು.

ಪಪ್ಪಾಯಿ ಕಾಯಿ ಹಾಕಿ ಅನ್ನೋರಿದ್ದಾರೆ. ಹಾಕಬಹುದು. ಅದು ಮೇಲ್ಮೈಯನ್ನು ಹಿಟ್ಟು ಮಾಡುತ್ತೆ, ದಪ್ಪ ತುಂಡಿನ ಒಳಗೆ ಇಳಿಯೋದಿಲ್ಲ. ಕುಕ್ಕರು ಒಳ್ಳೆಯದೇ, ನಾಲ್ಕು ಜನರ ಮನೆಗೆ. 5 ಲೀಟರ್ ಕುಕ್ಕರಿನಲ್ಲಿ 25 ಜನರ ಬಾಡನ್ನು ಎಷ್ಟು ಸಲ ಇಳಿಸಿ ಹತ್ತಿಸೋದು?

ಪೆಟ್ಟಿಗೆ ಮಾಡೋದು

ಇದು ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ ಉರುವಲು ಕಮ್ಮಿಯಾದಾಗ ಇಂಗ್ಲೆಂಡಿನಲ್ಲಿ ಮನೆಮನೆಗೆ ಹುಲ್ಲಿನ ಪೆಟ್ಟಿಗೆ ಮಾಡಿಕೊಳ್ಳಿ ಅಂತ ಹೇಳಿಕೊಟ್ಟಿದ್ದರು. ಕುದಿಯುವ ಪಾತ್ರೆಯನ್ನು ಹುಲ್ಲಿನಲ್ಲಿ ಹುಗಿದರೆ ಕಾವು ಹೊರಗೆ ಹೋಗೋದಿಲ್ಲ, ಅಡುಗೆ ತನ್ನ ಕಾವಿನಲ್ಲೇ ಬೇಯುತ್ತದೆ. ಅಷ್ಟೇ ಗುಟ್ಟು.

ಹಳೇ ಮರದ ಪೆಟ್ಟಿಗೆ ಇದ್ದರೆ ಆಯಿತು. ಇಲ್ಲದಿದ್ದರೆ ದೊಡ್ಡ ಬಿದಿರು ಬುಟ್ಟಿಯೂ ನಡೆಯುತ್ತೆ. ಪಾತ್ರೆ ಒಳಗೆ ಕೂತ ಮೇಲೆ ಸುತ್ತಲೂ ಕಮ್ಮಿ ಅಂದರೂ ನಾಲ್ಕು ಇಂಚು ಜಾಗ ಉಳಿಯಬೇಕು. ತಳಕ್ಕೂ ನಾಲ್ಕು ಇಂಚು, ಮೇಲಕ್ಕೆ ಐದಾರು ಇಂಚು. ತಳಕ್ಕೆ ಒಣ ರಾಗಿ ಹುಲ್ಲು ಒತ್ತಿ, ನಡುವೆ ಖಾಲಿ ಪಾತ್ರೆ ಇಟ್ಟು, ಸುತ್ತ ಹುಲ್ಲನ್ನು ಬಿಗಿಯಾಗಿ ತುಂಬಿ. ಪಾತ್ರೆ ತೆಗೆದರೆ ಕೋಳಿ ಗೂಡಿನ ಹಾಗೆ ಗುಂಡಿ ನಿಲ್ಲಬೇಕು. ಹುಲ್ಲು ಉದುರದ ಹಾಗೆ ಗುಂಡಿಗೆ ಹಳೇ ಪಂಚೆ ಹಾಸಿ. ಮೇಲೆ ಮುಚ್ಚೋಕೆ ಗೋಣಿಚೀಲದಲ್ಲಿ ಹುಲ್ಲು ತುಂಬಿ ಹೊಲಿದ ದಿಂಬು, ಅದರ ಮೇಲೆ ಒಂದು ಕಂಬಳಿ. ಕಾವು ಹೆಚ್ಚು ಹೋಗೋದು ಮೇಲಿನಿಂದ. ಅಲ್ಲಿ ಜಿಪುಣತನ ಬೇಡ.

ಭತ್ತದ ಹುಲ್ಲು, ಭತ್ತದ ಹೊಟ್ಟು, ಶೇಂಗಾ ಸಿಪ್ಪೆ ಯಾವುದಾದರೂ ಆಗುತ್ತೆ. ಒಣಗಿರಬೇಕು, ಇದೊಂದೇ ಕರಾರು. ಹಸಿ ಹುಲ್ಲು ಕಾವು ಹಿಡಿಯೋದಿಲ್ಲ, ಬೂಸ್ಟೂ ಬರುತ್ತೆ.

ಪಾತ್ರೆ ದಪ್ಪ ತಳದ್ದು, ಮುಚ್ಚಳ ಬಿಗಿಯಾಗಿ ಕೂರುವಂಥದ್ದು. ಮುಕ್ಕಾಲಿಗಿಂತ ಹೆಚ್ಚು ತುಂಬಿರಲೇಬೇಕು. ಅರ್ಧ ಪಾತ್ರೆ ಅಡುಗೆ ಬೇಗ ಆರಿಬಿಡುತ್ತದೆ. ಹಾಗಾಗಿ ಈ ಪೆಟ್ಟಿಗೆ ಕೂಟಕ್ಕೆ ಒಳ್ಳೆಯದು, ಒಂದು ಕೆಜಿ ಬಾಡಿಗಲ್ಲ. ಹೈಸ್ಕೂಲಿನ ಮೇಷ್ಟ್ರೊಬ್ಬರಿಂದ ಥರ್ಮಾಮೀಟರು ಇಸಕೊಂಡು ನೋಡಿದ್ದೇನೆ. 12 ಲೀಟರ್ ಪಾತ್ರೆಯಲ್ಲಿ 10 ಲೀಟರಿನಷ್ಟು ಕುದಿಯುವ ಬಾಡು-ಸಾರು ಇಟ್ಟರೆ ನಾಲ್ಕು ಗಂಟೆಗೆ 84 ಡಿಗ್ರಿ, ಎಂಟು ಗಂಟೆಗೆ 74 ಡಿಗ್ರಿ ಇತ್ತು. ಅಷ್ಟು ಸಾಕು.

ಬೇಯಿಸೋ ಕ್ರಮ

ಮೂಳೆ ಸಮೇತ 5 ಕೆಜಿ ಹೆಗಲು ಮತ್ತು ಕತ್ತಿನ ಮಾಂಸ. ಕಟುಕನಿಗೆ ಮೊದಲೇ ಹೇಳಿ, ಸಾರಿನ ತುಂಡು ಬೇಡ, ಅಂಗೈಯಗಲ ಇರಲಿ ಅಂತ. ಚಿಕ್ಕ ತುಂಡಿನಲ್ಲಿ ಎಳೆ ಉದ್ದ ಬರೋದಿಲ್ಲ. ಒಂದು ಕೆಜಿ ಈರುಳ್ಳಿ, ನಾಲ್ಕು ಗಡ್ಡೆ ಬೆಳ್ಳುಳ್ಳಿ, 100 ಗ್ರಾಂ ಶುಂಠಿ, ಅರಿಶಿನ. ಶೇಂಗಾ ಎಣ್ಣೆಯಲ್ಲಿ ಇವನ್ನು ಬಾಡಿಸಿ, ಮಾಂಸ ಹಾಕಿ, ನೀರು ಬಿಡುವ ತನಕ ಹುರಿಯಿರಿ. ಚಕ್ಕೆ ಮೂರು ಚೂರು, ಲವಂಗ ಎಂಟು ಸಾಕು. ಯಾವಾಗಲೂ ಹಾಕುವ ಅರ್ಧ ಅದು. ಮುಚ್ಚಿದ ಪಾತ್ರೆಯಲ್ಲಿ ರಾತ್ರಿಯಿಡೀ ಕೂತರೆ ಮಸಾಲೆ ಬಿರುಸಾಗುತ್ತದೆ. ಉಪ್ಪೂ ಅರ್ಧವೇ. ನೀರು ಮಾಂಸ ಮುಳುಗುವಷ್ಟು, ಸುಮಾರು 4 ಲೀಟರ್. ಇಲ್ಲಿ ಆವಿ ಹೋಗೋದಿಲ್ಲ, ಹಾಕಿದ ನೀರು ಹಾಗೇ ಇರುತ್ತೆ ಅನ್ನೋದು ನೆನಪಿರಲಿ. ಹುಣಸೆ, ಕೊಬ್ಬರಿ ಈಗಲೇ ಬೇಡ. ಅಲ್ಯುಮಿನಿಯಂ ಪಾತ್ರೆಯಲ್ಲಿ ರಾತ್ರಿಯಿಡೀ ಹುಳಿ ಇಡಬಾರದು, ಕೊಬ್ಬರಿ ಬೇಗ ಹಳಸುತ್ತೆ.

ರಾತ್ರಿ ಒಂಬತ್ತಕ್ಕೆ ಕುದಿ ಬಂತು ಅಂತಿಟ್ಟುಕೊಳ್ಳಿ. ಮುಚ್ಚಳ ಹಾಕಿ ಇನ್ನು 45 ನಿಮಿಷ ಹದವಾಗಿ ಕುದಿಯಲಿ. ಎಳೇ ಮರಿಯಾದರೆ 20 ನಿಮಿಷ ಸಾಕು. ಕುದಿಯುತ್ತಿರುವಾಗಲೇ ಎತ್ತಿ ಪೆಟ್ಟಿಗೆಗೆ ಇಳಿಸಿ, ದಿಂಬು ಮುಚ್ಚಿ, ಕಂಬಳಿ ಹೊದಿಸಿ. ಪಾತ್ರೆಯ ಹೊರಗೆ ಕೆಂಡದ ಚೂರು ಅಂಟಿದೆಯಾ ಅಂತ ಕಡ್ಡಾಯವಾಗಿ ನೋಡಿ. ಹುಲ್ಲು ಅದು. ಆಮೇಲೆ ಎಲ್ಲರೂ ಮಲಗಿ. ನಡುವೆ ಆಸೆಗೆ ಮುಚ್ಚಳ ತೆಗೆದು ನೋಡಿದರೆ ಅಷ್ಟು ಕಾವು ಹೋಯಿತು.

ಬೆಳಗ್ಗೆ ಆರಕ್ಕೆ ತೆಗೆದು ಒಲೆಗಿಟ್ಟು 15 ನಿಮಿಷ ಕುದಿಸಿ ಮತ್ತೆ ಪೆಟ್ಟಿಗೆಗೆ. ಹನ್ನೊಂದೂವರೆಗೆ ಮತ್ತೊಂದು ಕುದಿ. ಆಗ ಮೂಳೆ ಹಿಡಿದು ಎಳೆದರೆ ಬರೀ ಮೂಳೆ ಕೈಗೆ ಬರಬೇಕು. ಹಿಂದೆ ಇದೇ ಮುದಿ ಕುರಿಗೆ ನಾಲ್ಕು ಗಂಟೆ ಉರಿ ಹಾಕ್ತಿದ್ದೆವು. ಈಗ ಎಲ್ಲಾ ಸೇರಿ ಎರಡು ಗಂಟೆ. ಸೌದೆ ಅರ್ಧ ಉಳೀತು ಅನ್ನೋದಕ್ಕಿಂತ ಹೆಂಗಸರ ನಿದ್ದೆ ಉಳೀತು ಅನ್ನೋದೇ ನನಗೆ ದೊಡ್ಡ ಲೆಕ್ಕ.

ಇಲ್ಲಿ ಸಡಿಲ ಬಿಡಬೇಡಿ

ಬೆಚ್ಚಗಿನ ಮಾಂಸದಷ್ಟು ಅಪಾಯದ್ದು ಬೇರೆ ಇಲ್ಲ. 60 ಡಿಗ್ರಿಗಿಂತ ಕೆಳಗೆ ಇಳಿದರೆ ಅದರಲ್ಲಿ ರೋಗದ ಸೂಕ್ಷ್ಮಜೀವಿಗಳು ಬೆಳೆಯೋಕೆ ಶುರು. ಬೆಳಗ್ಗೆ ಪೆಟ್ಟಿಗೆ ತೆಗೆದ ಕೂಡಲೇ ಪರೀಕ್ಷೆ ಮಾಡಿ. ಥರ್ಮಾಮೀಟರು ಇದ್ದರೆ 60ರ ಮೇಲೆ ಇರಲೇಬೇಕು. ಇಲ್ಲದಿದ್ದರೆ, ಮುಚ್ಚಳ ತೆಗೆದಾಗ ದಟ್ಟವಾಗಿ ಹಬೆ ಏಳಬೇಕು, ಚಮಚದ ಸಾರು ಬಾಯಿಗಿಡಲಾರದಷ್ಟು ಸುಡಬೇಕು. ಉಗುರು ಬೆಚ್ಚಗೆ ಇದ್ದರೆ ಆ ಬಾಡು ಯಾರಿಗೂ ಬೇಡ. "ಇನ್ನೊಂದು ಸಲ ಕುದಿಸಿದರಾಯ್ತು" ಅನ್ನೋರು ಇದ್ದೇ ಇರ್ತಾರೆ. ಕುದಿಸಿದರೆ ಜೀವಿಗಳು ಸಾಯಬಹುದು, ಅವು ಬಿಟ್ಟ ವಿಷ ಎಲ್ಲಾ ಹೋಗೋದಿಲ್ಲ. 5 ಕೆಜಿ ಬಾಡಿನ ದುಡ್ಡು ನೋಡಿಕೊಂಡು 25 ಜನರ ಹೊಟ್ಟೆ ಕೆಡಿಸಿದರೆ ಮುಂದಿನ ವರ್ಷ ನಿಮ್ಮ ಹೊಲಕ್ಕೆ ಯಾರು ಬಂದಾರು? ಗುಂಡಿ ತೋಡಿ ಹೂಳಿ. ಹೊಸದಾಗಿ ಪೆಟ್ಟಿಗೆ ಮಾಡಿದವರು ಮೊದಲು ಬರೀ ನೀರು ಕುದಿಸಿಟ್ಟು ಎಂಟು ಗಂಟೆಗೆ ಎಷ್ಟು ಕಾವು ಉಳಿಯುತ್ತೆ ನೋಡಿಕೊಳ್ಳಿ. ಬಾಡು ಆಮೇಲೆ.

ಎಳೆ ಬಿಡಿಸಿ ರೊಟ್ಟಿಗೆ

ತುಂಡುಗಳನ್ನು ಅಗಲವಾದ ತಟ್ಟೆಗೆ ಎತ್ತಿಕೊಂಡು ಎರಡು ಚಮಚದಿಂದ ಅತ್ತ ಇತ್ತ ಎಳೆದರೆ ಎಳೆ ಬಿಚ್ಚುತ್ತದೆ. ಮೂಳೆ ಚೂರು ಉಳಿಯದ ಹಾಗೆ ಕೈಯಾಡಿಸಿ ನೋಡಿ, ಮಕ್ಕಳು ತಿನ್ನೋದು. 5 ಕೆಜಿಗೆ ನಮಗೆ ಎರಡು ಕೆಜಿ ಮೇಲೆ ಸ್ವಲ್ಪ ಎಳೆ ಸಿಗುತ್ತೆ. ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಹೆಚ್ಚಿದ ಈರುಳ್ಳಿ, ಹುರಿದು ರುಬ್ಬಿದ ಬ್ಯಾಡಗಿ ಮೆಣಸಿನಕಾಯಿ-ದನಿಯಾ ಹಾಕಿ. ನಿಂಬೆ ಗಾತ್ರದ ಎರಡು ಉಂಡೆ ಹುಣಸೆ ರಸ, ಒಂದು ಚೂರು ಬೆಲ್ಲ, ಉಳಿದ ಉಪ್ಪು. ಅಮೆರಿಕದವರು ವಿನೆಗರು-ಸಕ್ಕರೆ ಹಾಕೋದೂ ಇದೇ ಕಾರಣಕ್ಕೆ, ಕೊಬ್ಬಿನ ಜಿಡ್ಡು ಕಡಿಯೋಕೆ. ಕೊಡಗಿನವರು ಹಂದಿ ಸಾರಿಗೆ ಕಾಚಂಪುಳಿ ಹಾಕ್ತಾರೆ, ಅದೂ ಹಾಗೇ. ಮಸಾಲೆ ಕುದಿದ ಮೇಲೆ ಎಳೆ ಹಾಕಿ, ಎರಡು ಸೌಟು ಸಾರು ಬಿಟ್ಟು, ಬಿಸಿಯಾಗಿ ಕಲಸಿ ಇಳಿಸಿ.

ಬಿಸಿ ಜೋಳದ ರೊಟ್ಟಿಯ ಅರ್ಧಕ್ಕೆ ಒಂದು ಹಿಡಿ ಎಳೆ, ಮೇಲೆ ಹಸಿ ಈರುಳ್ಳಿ, ನಿಂಬೆಹುಳಿ, ಮಡಚಿ ಕೈಗೆ ಕೊಡಿ. ಸುತ್ತೋಕೆ ಹೋಗಬೇಡಿ, ಜೋಳದ ರೊಟ್ಟಿ ಆರಿದರೆ ಸೀಳುತ್ತೆ. ನಮ್ಮ ಹುಡುಗರು ಪೇಟೆಯಿಂದ ಬೇಕರಿ ಬನ್ನು ತಂದು ಅದಕ್ಕೂ ತುಂಬಿಕೊಂಡರು. ಚೆನ್ನಾಗೇ ಇತ್ತು, ನನಗೆ ಮಾತ್ರ ಬನ್ನಿನ ಸಿಹಿ ಹಿಡಿಸಲಿಲ್ಲ. ಹಿರಿಯರಿಗೆ ಮುದ್ದೆ ಇಲ್ಲದೆ ಊಟ ಆಗೋದಿಲ್ಲ. ಪಾತ್ರೆಯಲ್ಲಿ ಉಳಿದ ಸಾರಿನ ಮೇಲೆ ತೇಲುವ ಕೊಬ್ಬು ತೆಗೆದು, ಕೊಬ್ಬರಿ-ಗಸಗಸೆ ರುಬ್ಬಿ ಹಾಕಿ ಕುದಿಸಿದರೆ ಮುದ್ದೆಗೂ ಆಯಿತು, ಅನ್ನಕ್ಕೂ ಆಯಿತು. ಹೋದ ಸಲ ಊಟದ ಹೊತ್ತಿಗೆ ನಮ್ಮನೆಯಾಕೆ, ಸೊಸೆ ಇಬ್ಬರೂ ಬಂದವರ ಜೊತೆಯಲ್ಲೇ ರೊಟ್ಟಿ ಹಿಡಿದು ಕೂತಿದ್ದರು.

ಎಲ್ಲವನ್ನೂ ಬಿಸಿಯಿದ್ದಾಗಲೇ ತಿನ್ನಬೇಕು. ಕುರಿ ಕೊಬ್ಬು ಆರಿದರೆ ಅಂಗಳಕ್ಕೆ ಅಂಟುತ್ತೆ. ಕಲಸಿದ ಎಳೆ ಎರಡು ಗಂಟೆಯೊಳಗೆ ಖರ್ಚಾಗಲಿ.

ಇದೇ ಪೆಟ್ಟಿಗೆಯಲ್ಲಿ ನೆನೆಸಿದ ಹುರುಳಿಯನ್ನೂ ಬೇಯಿಸ್ತೇವೆ, ಹತ್ತು ನಿಮಿಷ ಕುದಿಸಿ ಇಟ್ಟರೆ ಸಾಕು. ರಾಜ್ಮಾ ಮಾತ್ರ ಸಣ್ಣ ಕಾವಿನಲ್ಲೇ ಬೇಯಿಸಬಾರದು. ಅದರಲ್ಲಿ ಹೊಟ್ಟೆ ಕೆಡಿಸುವ ಅಂಶ ಇದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಚೆನ್ನಾಗಿ ಕುದಿಸಿದ ಮೇಲೆಯೇ ಇಡಬೇಕು.

ಊಟ ಮುಗಿದ ದಿನವೇ ಪಂಚೆ ಒಗೆದು, ಹುಲ್ಲನ್ನು ಬಿಸಿಲಿಗೆ ಹರವಿ. ಸಾರು ಚೆಲ್ಲಿದ ಹುಲ್ಲು ತಿಪ್ಪೆಗೆ ಹಾಕಿ ಹೊಸದು ತುಂಬಿಕೊಳ್ಳಿ, ಇಲ್ಲದಿದ್ದರೆ ಇಲಿ ಬರುತ್ತೆ.