ಅಭಿನಯ, ಗಾಯನ, ನರ್ತನ: ಒಂದೇ ಉಸಿರಿನ ವಿದ್ಯೆ

ಸಂಡೂರು ಸೀಮೆಯ ಹಳ್ಳಿಗಳಲ್ಲಿ ಬಯಲಾಟ ನೋಡಿ ಬೆಳೆದ ಹಿರಿಯರಿಗೆ ಈ ದೃಶ್ಯ ಚಿರಪರಿಚಿತ. ಕಿರೀಟ, ಭುಜಕೀರ್ತಿಗಳನ್ನು ಧರಿಸಿದ ಪಾತ್ರಧಾರಿ ಅಟ್ಟದ ಹಲಗೆಗಳು ಅದುರುವಂತೆ ಕುಣಿಯುತ್ತ ರಂಗಕ್ಕೆ ಬರುತ್ತಾನೆ. ಕುಣಿತ ನಿಂತೊಡನೆ ಪದವನ್ನೆತ್ತುತ್ತಾನೆ. ಪದ ಮುಗಿದೊಡನೆ ಅದರ ಭಾವವನ್ನು ಗದ್ಯದ ಮಾತಿನಲ್ಲಿ ವಿಸ್ತರಿಸುತ್ತಾನೆ. ಮೂರು ವಿದ್ಯೆಗಳು ಒಂದೇ ದೇಹದಲ್ಲಿ ನೆಲೆಸಿದ್ದು ಹೇಗೆ? ನಮ್ಮ ವಿದ್ಯಾರ್ಥಿಗಳು ಅದನ್ನು ಕಲಿಯಬಲ್ಲರೇ? ಈ ಪ್ರಶ್ನೆಗಳನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಪ್ರಾಚೀನರು ಈ ಕಲೆಗಳನ್ನು ಬೇರೆಬೇರೆಯಾಗಿ ಕಂಡವರಲ್ಲ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ತನ್ನ ‘ಸಂಗೀತ ರತ್ನಾಕರ’ದಲ್ಲಿ ಗೀತ, ವಾದ್ಯ, ನೃತ್ಯ ಈ ಮೂರನ್ನೂ ಒಟ್ಟಾಗಿ ಸಂಗೀತವೆಂದು ಕರೆದಿದ್ದಾನೆ. ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕಾಗಿ ವಿಂಗಡಿಸಿದರೂ ಅವುಗಳ ಗುರಿ ರಸವೊಂದೇ.

ಆದರೆ ಪ್ರಯೋಗದಲ್ಲಿ ಒಂದು ಕಠಿಣ ಸಮಸ್ಯೆ ಎದುರಾಗುತ್ತದೆ. ಅದು ಉಸಿರಿನ ಸಮಸ್ಯೆ. ಕುಣಿಯುವ ದೇಹ ಉಸಿರನ್ನು ಬೇಗಬೇಗನೆ ಬೇಡುತ್ತದೆ. ಹಾಡುವ ಕಂಠಕ್ಕಾದರೋ ಉಸಿರನ್ನು ತಡೆದು, ಅಳೆದು, ನಿಧಾನವಾಗಿ ಬಿಡಬೇಕಾಗುತ್ತದೆ. ಒಳ್ಳೆಯ ಹಾಡುಗಾರನೂ ನಾಲ್ಕು ಸುತ್ತು ಕುಣಿದ ಮೇಲೆ ಶ್ರುತಿ ತಪ್ಪುವುದು ಇದರಿಂದಲೇ. ಆದಕಾರಣ ಮೂರನ್ನೂ ಪ್ರತ್ಯೇಕವಾಗಿ ಕಲಿಸಿ ಕೊನೆಯಲ್ಲಿ ಜೋಡಿಸಿದರೆ ಸಾಲದು. ಜೋಡಣೆಯನ್ನೇ ಮೊದಲಿನಿಂದ ಕಲಿಸಬೇಕು.

ಬಯಲಾಟದ ರಚನೆಯಲ್ಲಿಯೇ ಇದಕ್ಕೆ ಪರಿಹಾರವಿದೆ. ಪಾತ್ರಧಾರಿ ಎತ್ತಿದ ಪದವನ್ನು ಹಿಮ್ಮೇಳದವರು ಹಿಡಿದು ಮುಂದುವರಿಸುತ್ತಾರೆ. ಆಗ ಅವನ ಕಂಠಕ್ಕೆ ಬಿಡುವು ದೊರೆತು ಕಾಲು ಕುಣಿತಕ್ಕೆ ತೊಡಗುತ್ತದೆ. ಹಿಮ್ಮೇಳವು ಕೇವಲ ಅಲಂಕಾರವಲ್ಲ. ಅದು ಪಾತ್ರಧಾರಿಗೆ ಉಸಿರನ್ನು ಸಾಲ ಕೊಡುವ ವ್ಯವಸ್ಥೆ ಎಂದರೆ ಅತಿಶಯೋಕ್ತಿಯಾಗಲಾರದು.

ತಾಲೀಮಿನ ಕ್ರಮವನ್ನು ಶಾಲೆಗೆ ಹೊಂದಿಸಿಕೊಳ್ಳುವುದಾದರೆ ಮೊದಲ ಮೆಟ್ಟಿಲು ಲಯ. ಮಕ್ಕಳು ಕುಳಿತು ಕೈತಾಳ ಹಾಕುತ್ತ ಪದವನ್ನು ಬಾಯಿಪಾಠ ಮಾಡಲಿ. ಕೆಹರ್ವಾದ ಎಂಟು ಮಾತ್ರೆ, ದಾದ್ರಾದ ಆರು ಮಾತ್ರೆಗಳು ಕೈಗೆ ಹತ್ತಿದ ಮೇಲೆ ಎದ್ದು ನಿಂತು ಅದೇ ಲಯದಲ್ಲಿ ನಡೆಯಲಿ. ಎರಡನೆಯದು ನಡೆಯುತ್ತ ಹಾಡುವುದು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂಬುದನ್ನು ಸಾಹಿತ್ಯದ ಅರ್ಥ ನೋಡಿ ಗೊತ್ತುಮಾಡಬೇಕು. ಪದದ ನಡುವೆ ಉಸಿರು ಮುರಿದರೆ ಅರ್ಥವೂ ಮುರಿಯುತ್ತದೆ. ಮೂರನೆಯದು ಮಾತಿನಿಂದ ಹಾಡಿಗೆ ದಾಟುವುದು. ಕೊನೆಯ ಮಾತನ್ನು ಹಾರ್ಮೋನಿಯಂ ಶ್ರುತಿಯ ಸಮೀಪಕ್ಕೆ ತಂದರೆ ಹಾಡು ಭಾವದಿಂದಲೇ ಹುಟ್ಟಿದಂತೆ ಕೇಳಿಸುತ್ತದೆ. ಇವು ಸಿದ್ಧಿಸಿದ ತರುವಾಯವೇ ಕುಣಿತದ ವೇಗವನ್ನು ಹೆಚ್ಚಿಸಬೇಕು. ಹದಿಮೂರರಿಂದ ಹದಿನೈದರ ಪ್ರಾಯದಲ್ಲಿ ಗಂಡುಮಕ್ಕಳ ಧ್ವನಿ ಒಡೆಯುವುದುಂಟು; ಆಗ ಏರುಶ್ರುತಿಗೆ ಬಲವಂತಪಡಿಸದೆ ಅವರಿಗೆ ತಾಳ, ಮಾತುಗಳ ಹೊಣೆ ವಹಿಸುವುದು ವಿವೇಕ.

ವೃತ್ತಿ ನಾಟಕ ಕಂಪನಿಗಳಲ್ಲಿಯೂ ಕಲಿಕೆ ಹೀಗೆಯೇ ಒಟ್ಟೊಟ್ಟಿಗೆ ಸಾಗುತ್ತಿತ್ತು. ‘ಜಗಜ್ಯೋತಿ ಬಸವೇಶ್ವರ’ ನಾಟಕದ ಬಸವಣ್ಣನಾಗಿ ಜನಮನ ಗೆದ್ದ ಏಣಗಿ ಬಾಳಪ್ಪನವರು (1914-2017) ಹಾಡುನಟರು. ಬಳ್ಳಾರಿಯ ಸುಭದ್ರಮ್ಮ ಮನ್ಸೂರರು (ನಿಧನ 2020) ರಂಗಗೀತೆ, ಅಭಿನಯಗಳೆರಡರಲ್ಲಿಯೂ ಹೆಸರಾದವರು. ಬಾಲ್ಯದಲ್ಲಿಯೇ ಗುಬ್ಬಿ ಕಂಪನಿ ಸೇರಿದ ಬಿ.ವಿ. ಕಾರಂತರು (1929-2002) ಮುಂದೆ ಆಧುನಿಕ ರಂಗಭೂಮಿಗೆ ಸಂಗೀತವನ್ನು ಮರಳಿ ತಂದರು. ಹೆಗ್ಗೋಡಿನ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಮೈಸೂರಿನ ರಂಗಾಯಣ 1989ರಲ್ಲಿ ಆರಂಭವಾಯಿತು.

ಪಾಶ್ಚಾತ್ಯರೂ ಈ ಸಮಸ್ಯೆಯನ್ನು ಎದುರಿಸಿದ್ದಾರೆ. 1943ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಯೋಗಗೊಂಡ ‘ಓಕ್ಲಹೋಮ’ದ ಸ್ವಪ್ನದೃಶ್ಯದಲ್ಲಿ ಹಾಡುವ ನಾಯಕಿಗೆ ಬದಲಾಗಿ ಬೇರೊಬ್ಬ ನರ್ತಕಿ ಕುಣಿದಳು. ನಮ್ಮ ಬಯಲಾಟದವನು ಅಂತಹ ಬದಲಿಯನ್ನು ಬಯಸಿದವನಲ್ಲ.

ಮಠಗಳೂ ಈ ವಿದ್ಯೆಗೆ ಆಸರೆಯಾಗಿರುವುದು ನಮಗೆ ಅಭಿಮಾನದ ಸಂಗತಿ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪೂಜ್ಯ ಪುಟ್ಟರಾಜ ಗವಾಯಿಗಳು (1914-2010) ಸಂಗೀತದೊಡನೆ ನಾಟಕಗಳನ್ನು ರಚಿಸಿ ನಾಟ್ಯಸಂಘವನ್ನೂ ನಡೆಸಿದರು. ಸಾಣೇಹಳ್ಳಿ ಶ್ರೀಮಠದ ಆಶ್ರಯದಲ್ಲಿ 1987ರಲ್ಲಿ ಶಿವಕುಮಾರ ಕಲಾಸಂಘ, 1997ರಲ್ಲಿ ‘ಶಿವಸಂಚಾರ’, 2008ರಲ್ಲಿ ರಂಗಪ್ರಯೋಗಶಾಲೆ ಹುಟ್ಟಿಕೊಂಡವು.

ಈ ಪರಂಪರೆಯ ಬೆಳಕಿನಲ್ಲಿ ಶಾಲಾ ವಾರ್ಷಿಕೋತ್ಸವಗಳನ್ನು ನೋಡಿದರೆ ಮನಸ್ಸು ಕಳವಳಗೊಳ್ಳುತ್ತದೆ. ಧ್ವನಿಮುದ್ರಿತ ಚಿತ್ರಗೀತೆಗೆ ಮಕ್ಕಳು ತುಟಿಯಾಡಿಸುತ್ತ ಕುಣಿಯುವುದೇ ಹೆಚ್ಚು. ಉಡುಪಿಗೆ ಹಣ ವೆಚ್ಚವಾಗುತ್ತದೆ. ಕಂಠ ಮಾತ್ರ ಬಡವಾಗಿಯೇ ಉಳಿಯುತ್ತದೆ. ಅತ್ತ ಹಳ್ಳಿಗಳಲ್ಲಿ ಪದಗಳನ್ನು ಬಾಯಲ್ಲಿಟ್ಟುಕೊಂಡ ಬಯಲಾಟದ ಮಾಸ್ತರರು ವೃದ್ಧರಾಗುತ್ತಿದ್ದಾರೆ. ಅವರೊಡನೆ ಹೋಗುವ ವಿದ್ಯೆಯನ್ನು ಯಾವ ಗ್ರಂಥವೂ ಪೂರ್ಣವಾಗಿ ಮರಳಿಸಲಾರದು.

ಆದುದರಿಂದ ಶಿಕ್ಷಕಬಂಧುಗಳಲ್ಲಿ ವಿನಂತಿ: ವರ್ಷಕ್ಕೊಂದಾದರೂ ಚಿಕ್ಕ ಪ್ರಸಂಗವನ್ನು ಮಕ್ಕಳೇ ಹಾಡಿ, ಕುಣಿದು, ಆಡುವಂತಾಗಲಿ, ಚೆನ್ನಾಗಿ ಹಾಡಲಾರದ ಮಗುವಿಗೂ ಹಿಮ್ಮೇಳದಲ್ಲಿ ಸ್ಥಾನವಿರಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಊರಿನ ಮಾಸ್ತರರನ್ನು ಶಾಲೆಗೆ ಕರೆತರಲಿ. ದಾನಿಗಳು ಒಂದು ಹಾರ್ಮೋನಿಯಂ, ಒಂದು ಮದ್ದಳೆ, ಆ ಮಾಸ್ತರರಿಗೆ ಮೂರು ತಿಂಗಳ ಗೌರವಧನ ಇಷ್ಟನ್ನು ಒದಗಿಸಿದರೆ ಅದು ಸಾರ್ಥಕ ದಾಸೋಹವಾದೀತು. ಕಲಿಸುವವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕಾಯಕ ಆರಂಭವಾಗಬೇಕು.