ಹೊರಗಿನ ಗಾಳಿ ಒಳಗೆ ನುಗ್ಗದಂತೆ

ಸೋರುವಿಕೆಯೆಂದೊಡನೆ ಒಳಗಿರುವುದು ಹೊರಕ್ಕೆ ಬರುವುದೆಂದೇ ನಾವು ಭಾವಿಸುತ್ತೇವೆ. ಪೆಟ್ರೋಲು ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ವಿರುದ್ಧ. ಪ್ರತಿಯೊಂದು ಸಿಲಿಂಡರಿಗೂ ಗಾಳಿಯನ್ನು ಹಂಚುವ ಈ ಕವಲುಗೊಳವೆಯು ಎಂಜಿನ್ನಿನ ತಲೆಯನ್ನು ಕೂಡುವೆಡೆಯಲ್ಲಿ ತೆಳುವಾದ ಗ್ಯಾಸ್ಕೆಟ್ಟು ಇರುತ್ತದೆ. ಎಂಜಿನ್ನು ಹೊರೆಯಿಲ್ಲದೆ ಮೆಲ್ಲಗೆ ತಿರುಗುತ್ತಿರುವಾಗ ಥ್ರಾಟಲ್ ಕವಾಟವು ಬಹುಪಾಲು ಮುಚ್ಚಿರುತ್ತದೆ. ಪಿಸ್ಟನ್ನುಗಳಾದರೋ ಗಾಳಿಯನ್ನು ಎಳೆಯುತ್ತಲೇ ಇರುತ್ತವೆ. ಹೊರಗೆ ವಾಯುಭಾರವು ಪಾದರಸದ ೭೬ ಸೆಂಟಿಮೀಟರಿನಷ್ಟಿದ್ದರೆ, ಒಳಗೆ ೨೫-೩೦ ಸೆಂಟಿಮೀಟರಿಗೆ ಇಳಿದಿರುತ್ತದೆ. ಕೂದಲೆಳೆಯಷ್ಟು ಸಂದಿ ದೊರೆತರೂ ಸಾಕು, ಹೊರಗಿನ ಗಾಳಿ ಒಳನುಗ್ಗುತ್ತದೆ.

ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು ೧೪.೭ ಗ್ರಾಂ ಗಾಳಿ ಬೇಕು. ಲೆಕ್ಕಕ್ಕೆ ಸಿಕ್ಕದ ಗಾಳಿ ಬೆರೆತರೆ ಮಿಶ್ರಣವು ತೆಳುವಾಗಿ ಎಂಜಿನ್ನು ತಡವರಿಸುತ್ತದೆ. ವೇಗ ಹೆಚ್ಚಿಸಿದಾಗ ಈ ತಡವರಿಕೆ ಮರೆಯಾಗುವುದುಂಟು. ಥ್ರಾಟಲ್ ತೆರೆದಾಗ ಒತ್ತಡದ ಅಂತರ ಕಡಮೆ, ಒಟ್ಟು ಗಾಳಿಯೋ ಬಹಳ. ರೋಗ ವಾಸಿಯಾಯಿತೆಂದು ಆಗ ಮೋಸಹೋಗಬಾರದು.

ಈ ಸಮಸ್ಯೆ ಹಳೆಯದು. ಮ್ಯಾಗ್ಡೆಬರ್ಗ್ ಅರ್ಧಗೋಳಗಳ ಪ್ರಯೋಗವನ್ನು ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಕುದುರೆಗಳು ನೆನಪಿನಲ್ಲುಳಿಯುತ್ತವೆ, ಅರ್ಧಗೋಳಗಳ ನಡುವೆ ಗೆರಿಕೆಯು ಇಟ್ಟಿದ್ದ, ಮೇಣ ಮತ್ತು ಟರ್ಪೆಂಟೈನಿನಲ್ಲಿ ನೆನೆಸಿದ ತೊಗಲಿನ ಉಂಗುರ ಮರೆತುಹೋಗುತ್ತದೆ. ಅದೂ ಗ್ಯಾಸ್ಕೆಟ್ಟೇ.

ಯಂತ್ರದಿಂದ ಕೆತ್ತಿದ ಲೋಹದ ಮೈಯೂ ಪೂರ್ಣ ಸಮತಲವಲ್ಲ. ಅದರ ಉಬ್ಬುತಗ್ಗುಗಳನ್ನು ಅದುಮಿಸಿಕೊಂಡು ತುಂಬುವುದೇ ಗ್ಯಾಸ್ಕೆಟ್ಟಿನ ಕೆಲಸ. ಒಮ್ಮೆ ಅದುಮಿಸಿಕೊಂಡ ಹಳೆಯದಕ್ಕೆ ಆ ಶಕ್ತಿ ಉಳಿದಿರುವುದಿಲ್ಲ, ಹೊಸದನ್ನೇ ಹಾಕಬೇಕು. ಅದಕ್ಕೆ ಮೊದಲು ರಂಧ್ರಗಳನ್ನು ಬಟ್ಟೆಯಿಂದ ಮುಚ್ಚಿ, ಹಳೆಯ ಚೂರುಗಳನ್ನು ಮರದ ಅಥವಾ ಪ್ಲಾಸ್ಟಿಕ್ಕಿನ ಉಜ್ಜುಗತ್ತಿಯಿಂದ ತೆಗೆಯಬೇಕು. ಉಕ್ಕಿನ ಅಲಗು ಅಲ್ಯೂಮಿನಿಯಮ್ಮಿನ ಮೇಲೆ ಗೀರೆಳೆಯುತ್ತದೆ. ಆ ಗೀರೇ ಗಾಳಿಗೆ ದಾರಿ. ಅನಂತರ ನೇರ ಪಟ್ಟಿಯನ್ನಿಟ್ಟು ಮೈ ಬಾಗಿದೆಯೇ ಎಂದು ನೋಡಬೇಕು. ಬಾಗಿದ್ದರೆ ಅಂಟನ್ನು ದಪ್ಪಗೆ ಬಳಿದು ಪರಿಹರಿಸಹೊರಡುವುದು ಹುಚ್ಚು ಸಾಹಸವೇ ಸರಿ.

ಬೋಲ್ಟು ಒಂದು ಬಿಗಿಯಾದ ಸ್ಪ್ರಿಂಗೆಂದು ತಿಳಿಯಬೇಕು. ಅದು ಅತ್ಯಲ್ಪವಾಗಿ ಹಿಗ್ಗಿ, ಮರಳಿ ಕುಗ್ಗಲೆಳಸುವ ಬಲದಿಂದಲೇ ಜೋಡಣೆ ನಿಲ್ಲುತ್ತದೆ. ೮ ಮಿಲಿಮೀಟರ್ ವ್ಯಾಸದ ಬೋಲ್ಟನ್ನು ೨೦ ನ್ಯೂಟನ್-ಮೀಟರಿನಷ್ಟು ತಿರುಚಿದರೆ ಸುಮಾರು ೧೨,೫೦೦ ನ್ಯೂಟನ್ ಅದುಮುಬಲ ದೊರೆಯುತ್ತದೆ. ಆದರೆ ನಮ್ಮ ಶ್ರಮದ ಹೆಚ್ಚಿನ ಪಾಲು ಘರ್ಷಣೆಗೇ ವ್ಯಯವಾಗುತ್ತದೆ. ಸುರುಳಿಗೆ ಎಣ್ಣೆ ತಗುಲಿದ್ದರೆ ಅದೇ ತಿರುಚುವಿಕೆಯಿಂದ ಬಲ ಎಷ್ಟೋ ಹೆಚ್ಚಾಗಿ ಗ್ಯಾಸ್ಕೆಟ್ಟು ನಜ್ಜುಗುಜ್ಜಾಗಬಹುದು. ಆದುದರಿಂದ ಕೈಯಂದಾಜು ಸಲ್ಲದು. ತಯಾರಕರ ಕೈಪಿಡಿಯ ಅಳತೆ, ಅಳೆಯುವ ಪಾನಾ ಎರಡೂ ಬೇಕು. ನಡುವಿನಿಂದ ಆರಂಭಿಸಿ ತುದಿಗಳತ್ತ, ಎರಡು ಮೂರು ಸುತ್ತುಗಳಲ್ಲಿ ಬಿಗಿಯುವುದು ವಾಡಿಕೆ. ತುದಿಗಳನ್ನು ಮೊದಲೇ ಬಿಗಿದರೆ ಚಾಪೆಯ ನಡುವಿನ ಸುಕ್ಕಿನಂತೆ ಉಬ್ಬು ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ. ಕೈಪಿಡಿಯಲ್ಲಿ ಬೇರೆ ಕ್ರಮವಿದ್ದರೆ ಅದೇ ಪ್ರಮಾಣ.

ಉಷ್ಣವನ್ನೂ ಮರೆಯಲಾಗದು. ಬೀಡುಕಬ್ಬಿಣದ ತಲೆಗೆ ೪೦ ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಮ್ ಮ್ಯಾನಿಫೋಲ್ಡನ್ನು ಜೋಡಿಸಿದ್ದು, ಎರಡೂ ೮೦ ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದರೆ, ಅಲ್ಯೂಮಿನಿಯಮ್ಮು ಸುಮಾರು ೦.೪ ಮಿಲಿಮೀಟರ್ ಹೆಚ್ಚಾಗಿ ಹಿಗ್ಗುತ್ತದೆ. ಪ್ರತಿ ಪಯಣದಲ್ಲಿಯೂ ಗ್ಯಾಸ್ಕೆಟ್ಟು ಈ ಜಗ್ಗಾಟವನ್ನು ಸಹಿಸಬೇಕು.

ಕೊನೆಗೆ ಪರೀಕ್ಷೆ. ಬಿಸಿ ಎಂಜಿನ್ನಿನ ಮೇಲೆ ಉರಿಯುವ ದ್ರವವನ್ನು ಸಿಂಪಡಿಸಿ ಸಂದಿಯನ್ನು ಹುಡುಕುವವರುಂಟು. ಬೆಂಕಿಗೆ ಆಹ್ವಾನವೀಯುವ ಆ ರೂಢಿಯನ್ನು ನಾವು ಒಪ್ಪಲಾರೆವು. ಎಂಜಿನ್ನು ನಡೆಯುತ್ತಿರುವಾಗ ಸಾಬೂನು ನೀರಿನಿಂದಲೂ ಫಲವಿಲ್ಲ. ಗುಳ್ಳೆಯೇಳುವ ಬದಲು ನೀರೇ ಒಳಗೆ ಸೆಳೆಯಲ್ಪಡುತ್ತದೆ. ಎಂಜಿನ್ನನ್ನು ನಿಲ್ಲಿಸಿ, ಆರಲು ಬಿಟ್ಟು, ಮ್ಯಾನಿಫೋಲ್ಡಿನೊಳಗೆ ಅತಿ ಕಡಮೆ ಒತ್ತಡದ ಗಾಳಿಯನ್ನು ತುಂಬಿ ಸಾಬೂನು ನೀರು ಬಳಿದರೆ, ಸಂದಿಯಿರುವಲ್ಲಿ ಗುಳ್ಳೆಗಳೇಳುತ್ತವೆ.